ನಿಮ್ಮ ಟ್ಯೂನಿನ ಕೆಳಗೆ ಏನಿದೆ?

ಪ್ರಶ್ನೆ: ನಾನು ಸುರತ್ಕಲ್‌ನವನು, ಎಂಜಿನಿಯರಿಂಗ್ ಕೊನೆಯ ವರ್ಷದಲ್ಲಿದ್ದೇನೆ. ಚಿಕ್ಕಂದಿನಲ್ಲಿ ಆರು ವರ್ಷ ಕರ್ನಾಟಕ ಸಂಗೀತ ಕಲಿತು, ಎರಡು ವರ್ಣ ಆಗುವಷ್ಟರಲ್ಲಿ ಪಿಯುಸಿ ಬಂತೆಂದು ಬಿಟ್ಟೆ. ಈಗ ಎರಡು ವರ್ಷಗಳಿಂದ ಲ್ಯಾಪ್‌ಟಾಪಿನಲ್ಲಿ ಎಫ್‌ಎಲ್ ಸ್ಟುಡಿಯೋ ಎಂಬ ಸಂಗೀತ ತಂತ್ರಾಂಶ ಹಾಕಿಕೊಂಡು ಎಲೆಕ್ಟ್ರಾನಿಕ್ ಡ್ಯಾನ್ಸ್ ಸಂಗೀತ ಮಾಡುತ್ತಿದ್ದೇನೆ. ಬೀಟ್ ಚೆನ್ನಾಗಿದೆ ಎನ್ನುತ್ತಾರೆ ಗೆಳೆಯರು. ಟ್ಯೂನ್ ಮಾತ್ರ ಯಾರ ನೆನಪಿನಲ್ಲೂ ಉಳಿಯುವುದಿಲ್ಲ. ಪಾಶ್ಚಾತ್ಯ ಸಂಗೀತದ ಥಿಯರಿಯನ್ನು ಗ್ರೇಡ್ ಪರೀಕ್ಷೆಗಳ ಕ್ರಮದಲ್ಲಿ ಮೊದಲಿನಿಂದ ಕಲಿಯಬೇಕೇ? ಕಲಿತ ಕರ್ನಾಟಕ ಸಂಗೀತ ಇಲ್ಲಿ ಉಪಯೋಗಕ್ಕೆ ಬರುತ್ತದೆಯೇ, ಅಡ್ಡಿಯಾಗುತ್ತದೆಯೇ?

ಉತ್ತರ: ನೀವು ಪತ್ರದ ಜೊತೆ ಕಳುಹಿಸಿದ ಮೂರು ತುಣುಕುಗಳನ್ನು ಎರಡು ಬಾರಿ ಕೇಳಿದೆ. ಮೊದಲು ಲ್ಯಾಪ್‌ಟಾಪಿನಲ್ಲಿ, ರಾತ್ರಿ ಊಟವಾದ ಮೇಲೆ ನನ್ನ ಕೋಣೆಯ ಹಳೆಯ ದೊಡ್ಡ ಸ್ಪೀಕರುಗಳಲ್ಲಿ. ಎರಡು ಸಲವೂ ಬೇರೆ ಬೇರೆ ಹಾಡು ಕೇಳಿದಂತಾಯಿತು. ಲ್ಯಾಪ್‌ಟಾಪಿನಲ್ಲಿ ಚೆಂದವಾಗಿಯೇ ಇದ್ದ ಎರಡನೆಯ ಟ್ಯೂನ್ ದೊಡ್ಡ ಸ್ಪೀಕರಿಗೆ ಬಂದೊಡನೆ ಹುಳಿ ಹಿಡಿಯಿತು. ಕಾರಣ ಹುಡುಕುವುದು ಕಷ್ಟವಾಗಲಿಲ್ಲ. ಟ್ಯೂನ್ ಗಾಂಧಾರದ ಮೇಲೆ ನಿಂತು ಉಸಿರು ಬಿಡುವ ಹೊತ್ತಿಗೆ ಸರಿಯಾಗಿ ಬೇಸ್, ಅಂದರೆ ಎಲ್ಲಕ್ಕಿಂತ ಕೆಳಗಿನ ಮಂದ್ರ ದನಿ, ಅದರ ಪಕ್ಕದ ರಿಷಭದಲ್ಲಿ ಕುಳಿತು ಗುರುಗುಟ್ಟುತ್ತಿದೆ. ನಿಮಗೆ ಅದು ಕೇಳಿಸಿಯೇ ಇಲ್ಲ. ಕೇಳಿಸುವ ಹಾಗೂ ಇರಲಿಲ್ಲ.

ಯಾಕೆಂದರೆ ನಿಮ್ಮ ಬೇಸ್ ಓಡಾಡುವ ಜಾಗ ಲ್ಯಾಪ್‌ಟಾಪಿನ ಸ್ಪೀಕರಿಗೆ ಎಟುಕುವುದಿಲ್ಲ. ಎ ಮೈನರ್‌ನಲ್ಲಿ ಬೇಸ್‌ನ ಕೆಳಗಿನ ಎ ಸ್ವರಕ್ಕೆ 55 ಹರ್ಟ್ಸ್, ಜಿ ಸ್ವರಕ್ಕೆ 49, ಎಫ್ ಸ್ವರಕ್ಕೆ ಸುಮಾರು 44. ಬೆರಳಗಲದ ಆ ಸ್ಪೀಕರು ಇವನ್ನು ನುಡಿಸುವುದೇ ಇಲ್ಲ. ನೀವು ಕೇಳುವುದು ಬೇಸ್ ದನಿಯ ಮೇಲಿನ ಸಿಪ್ಪೆಯನ್ನು ಮಾತ್ರ. ಹಾಗಾಗಿ ಎರಡು ವರ್ಷಗಳಿಂದ ನೀವು ನೆಲ ಕಾಣದೆ ಮಾಳಿಗೆ ಕಟ್ಟುತ್ತಿದ್ದೀರಿ. ಇವತ್ತೇ ಮಾಡಬಹುದಾದ ಕೆಲಸವೊಂದಿದೆ: ಟ್ಯೂನ್ ಕಟ್ಟುವಾಗ ಬೇಸನ್ನು ಒಂದು ಸ್ಥಾಯಿ, ಬೇಕಾದರೆ ಎರಡು ಸ್ಥಾಯಿ ಮೇಲೆತ್ತಿ, ಸಾದಾ ಪಿಯಾನೊ ದನಿಯಲ್ಲಿ ಇಟ್ಟುಕೊಳ್ಳಿ. ಎಲ್ಲ ಕೂಡಿ ಬಂದ ಮೇಲೆ ಕೆಳಗಿಳಿಸಿ ಬೇಕಾದ ಗುಡುಗು ಹಾಕಿಕೊಳ್ಳಿ.

ಈಗ ನಿಮ್ಮ ಪ್ರಶ್ನೆ. ಗ್ರೇಡ್ ಪರೀಕ್ಷೆ ಬೇಡ, ಸದ್ಯಕ್ಕಂತೂ ಬೇಡ. ಮಂಗಳೂರಿನಲ್ಲಿ ಅದನ್ನು ಚೆನ್ನಾಗಿ ಕಲಿಸುವವರಿದ್ದಾರೆ. ಒಂದರಿಂದ ಎಂಟರವರೆಗೆ ಹತ್ತಿದವರು ಯಾವ ಸ್ವರಲಿಪಿ ಕೊಟ್ಟರೂ ಓದಿ ನುಡಿಸುತ್ತಾರೆ. ಆದರೆ ಅದು ನುಡಿಸುವವರ ದಾರಿ. ಐದು ಗೆರೆಗಳ ಮೇಲೆ ಸ್ವರ ಓದುವುದನ್ನು ಕಲಿಯಲು ಎರಡು ವರ್ಷ ಕೊಟ್ಟರೆ ನಿಮ್ಮ ಟ್ಯೂನ್ ಎರಡು ವರ್ಷ ಈಗಿದ್ದಲ್ಲೇ ಇರುತ್ತದೆ. ಡ್ಯಾನ್ಸ್ ಸಂಗೀತದ ಟ್ಯೂನ್ ಕಟ್ಟುವವನಿಗೆ ಬೇಕಾದ ಥಿಯರಿ ಅದಕ್ಕಿಂತ ಬಹಳ ಕಡಿಮೆ, ಆದರೆ ಅದು ಕಿವಿಯಲ್ಲಿ ಇಳಿದಿರಬೇಕು. ಹೆಚ್ಚುಕಡಿಮೆ ಅದೆಲ್ಲ ಒಂದೇ ಪ್ರಶ್ನೆಯಲ್ಲಿ ಅಡಗಿದೆ: ಈ ಸ್ವರದ ಕೆಳಗೆ ಈ ಗಳಿಗೆಯಲ್ಲಿ ಏನಿದೆ?

ನಿಮ್ಮ ಕರ್ನಾಟಕ ಸಂಗೀತ ಉಪಯೋಗಕ್ಕೂ ಬರುತ್ತದೆ, ಅಡ್ಡಿಯೂ ಆಗುತ್ತದೆ. ಎರಡಕ್ಕೂ ಕಾರಣ ತಂಬೂರಿ. ಆರು ವರ್ಷ ಅದು ನಿಮ್ಮ ಹಿಂದೆ ಕುಳಿತು ಸ-ಪ ಹಿಡಿದಿತ್ತು. ಯಾವ ಸ್ವರ ಹಾಡಿದರೂ ಷಡ್ಜದಿಂದ ಅದು ಎಷ್ಟು ದೂರ ಎಂದು ನಿಮ್ಮ ಕಿವಿ ತಾನಾಗಿ ಅಳೆಯುತ್ತದೆ. ಇದು ಸಣ್ಣ ಆಸ್ತಿಯಲ್ಲ. ಗ್ರೇಡ್ ಪರೀಕ್ಷೆಯವರು ಇಂಟರ್ವಲ್ ಎಂದು ಬೆವರು ಸುರಿಸಿ ಕಲಿಯುವುದು ಇದನ್ನೇ. ತೊಡಕು ಏನೆಂದರೆ, ಆ ಷಡ್ಜ ಕದಲುವುದಿಲ್ಲ ಎಂದು ನೀವು ನಂಬಿದ್ದೀರಿ. ಕಾರ್ಡ್‌ಗಳ, ಅಂದರೆ ಒಟ್ಟಿಗೆ ನುಡಿಯುವ ಸ್ವರಗುಚ್ಛಗಳ, ಲೋಕದಲ್ಲಿ ನೆಲವೇ ನಡೆಯುತ್ತದೆ. ಮೇಲೆ ನೀವು ಒಂದೇ ಸ್ವರ ಹಿಡಿದು ನಿಂತಿದ್ದರೂ ಕೆಳಗಿನ ಬೇಸ್ ಬದಲಾದೊಡನೆ ಆ ಸ್ವರದ ಮುಖ ಬದಲಾಗುತ್ತದೆ.

ಬರೆದದ್ದು ಓದಿದರೆ ಇದು ತಿಳಿಯುವುದಿಲ್ಲ, ಕೀಬೋರ್ಡ್ ಎದುರಿಟ್ಟುಕೊಳ್ಳಿ. ಎ ಸ್ವರವನ್ನು, ಅಂದರೆ ಹಾರ್ಮೋನಿಯಂನ ಬಿಳಿ ಆರನ್ನು, ಸ ಎಂದುಕೊಂಡು ಬರೀ ಬಿಳಿ ಕೀಗಳನ್ನು ಒತ್ತುತ್ತಾ ಮೇಲೆ ಹೋಗಿ. ಬರುವುದು ನಟಭೈರವಿ, ಇಪ್ಪತ್ತನೆಯ ಮೇಳ. ಪಾಶ್ಚಾತ್ಯರು ಅದನ್ನು ನ್ಯಾಚುರಲ್ ಮೈನರ್ ಎನ್ನುತ್ತಾರೆ; ಟ್ರಾನ್ಸ್, ಹೌಸ್, ಟೆಕ್ನೋ ಎಂಬ ಡ್ಯಾನ್ಸ್ ಶೈಲಿಗಳಲ್ಲಿ ದುಃಖ ಬೆರೆತ ಕುಣಿತ ಬೇಕಾದಾಗೆಲ್ಲ ಕೈ ಹೋಗುವುದು ಇಲ್ಲಿಗೇ. ಅದರಿಂದ ರಿ ಮತ್ತು ಧ ತೆಗೆದುಬಿಡಿ. ಉಳಿಯುವ ಸ ಗ ಮ ಪ ನಿ ಶುದ್ಧ ಧನ್ಯಾಸಿ. ಕೀಬೋರ್ಡಿನಲ್ಲಿ ಎ, ಸಿ, ಡಿ, ಇ, ಜಿ.

ಈ ಐದು ಸ್ವರಗಳಲ್ಲಿ ಮನಸ್ಸಿಗೆ ಬಂದ ಹಾಗೆ ಬಲಗೈ ಆಡಿಸುತ್ತಿರಿ. ಎಡಗೈಯಲ್ಲಿ ಎ ಒತ್ತಿ ಹಿಡಿದಿದ್ದರೆ ಶುದ್ಧ ಧನ್ಯಾಸಿ ಕೇಳುತ್ತದೆ. ಬಲಗೈ ನಿಲ್ಲಿಸದೆ ಎಡಗೈಯನ್ನು ಸಿ ಸ್ವರಕ್ಕೆ ಕೊಂಡೊಯ್ಯಿರಿ, ಅದೇ ಐದು ಸ್ವರ ಮೋಹನವಾಗಿ ಅರಳುತ್ತದೆ. ಡಿ ಹಿಡಿದರೆ ಮಧ್ಯಮಾವತಿ. ಇ ಹಿಡಿದರೆ ಹಿಂದೋಳ. ಜಿ ಹಿಡಿದರೆ ಶುದ್ಧ ಸಾವೇರಿ. ನಿಮ್ಮ ಗುರುಗಳು ಇದನ್ನು ಗ್ರಹಭೇದ ಎಂದು ಹೇಳಿಕೊಟ್ಟಿರಬಹುದು, ಕಚೇರಿಯಲ್ಲಿ ಯಾರಾದರೂ ಕ್ಷಣಹೊತ್ತು ಮಾಡಿ ತೋರಿಸಿದರೆ ನೀವು ಚಪ್ಪಾಳೆ ತಟ್ಟಿರಲೂಬಹುದು. ಕಚೇರಿಯಲ್ಲಿ ಅದು ಅಪರೂಪದ ಚಮತ್ಕಾರ. ಡ್ಯಾನ್ಸ್ ಸಂಗೀತದಲ್ಲಿ ಪ್ರತಿ ಎರಡು ಸೆಕೆಂಡಿಗೊಮ್ಮೆ ಆಗುವುದು ಇದೇ. ಇನ್ನು ಎಡಗೈಯನ್ನು ಈ ಐದರಲ್ಲಿ ಇಲ್ಲದ ಎಫ್ ಮೇಲೆ ಇಟ್ಟು ನೋಡಿ. ಅದಕ್ಕೆ ನಮ್ಮಲ್ಲಿ ಐದು ಸ್ವರದ ರಾಗದ ಹೆಸರು ಸಿಗುವುದಿಲ್ಲ. ಸಂಜೆ ತಣ್ಣೀರುಬಾವಿ ಕಡಲತೀರದಲ್ಲಿ ಜನರೆಲ್ಲ ಎದ್ದು ಹೋದ ಮೇಲಿನ ಮರಳಿನ ಹಾಗೆ ಏನೋ ಒಂದು ಕೇಳುತ್ತದೆ. ಈ ಶೈಲಿಯ ಎಷ್ಟೋ ಟ್ಯೂನುಗಳ ಜೀವ ಇರುವುದು ಆ ಎಫ್‌ನಲ್ಲಿ.

ಒಂದು ಟ್ಯೂನನ್ನೇ ಕಟ್ಟಿ ನೋಡೋಣ. ವೇಗ ನಿಮಿಷಕ್ಕೆ 128 ಬೀಟ್ ಇರಲಿ. ನಾಲ್ಕು ಬೀಟ್ ಸೇರಿದರೆ ಒಂದು ಬಾರ್; ಆ ವೇಗದಲ್ಲಿ ನಾಲ್ಕು ಬಾರ್‌ಗೆ ಏಳೂವರೆ ಸೆಕೆಂಡ್, ಮೂವತ್ತೆರಡು ಬಾರ್‌ಗೆ ಸರಿಯಾಗಿ ಒಂದು ನಿಮಿಷ. ಪಿಯಾನೊ ರೋಲ್‌ನಲ್ಲಿ, ಅಂದರೆ ಸ್ವರಗಳನ್ನು ಮನೆಮನೆಯಾಗಿ ಜೋಡಿಸುವ ಪರದೆಯಲ್ಲಿ, ಒಂದು ಬಾರ್‌ಗೆ ಹದಿನಾರು ಮನೆಗಳಿವೆ. ಬಾಯಲ್ಲಿ ತಕಿಟ ತಕಿಟ ತಕ, ತಕಿಟ ತಕಿಟ ತಕ ಎಂದು ಹೇಳಿಕೊಳ್ಳಿ: ಮೂರು, ಮೂರು, ಎರಡು, ಮತ್ತೆ ಮೂರು, ಮೂರು, ಎರಡು, ಒಟ್ಟು ಹದಿನಾರು. ಪ್ರತಿ ತ ಬೀಳುವ ಕಡೆ, ಅಂದರೆ 1, 4, 7, 9, 12, 15ನೇ ಮನೆಗಳಲ್ಲಿ, ಒಂದೊಂದು ಸ್ವರ ಇಡಿ: ಪ, ಪ, ಮ, ಗ, ಮ, ಸ. ಇಷ್ಟೇ ಟ್ಯೂನ್, ಆರು ಪೆಟ್ಟು. ಇದನ್ನು ನಾಲ್ಕು ಬಾರ್‌ಗೂ ಹಾಗೆಯೇ ನಕಲು ಮಾಡಿ. ಕೆಳಗೆ ಬಾರ್‌ಗೊಂದರಂತೆ ಎ ಮೈನರ್, ಎಫ್ ಮೇಜರ್, ಸಿ ಮೇಜರ್, ಜಿ ಮೇಜರ್ ಕಾರ್ಡ್ ಇಡಿ. ನಮ್ಮ ಲೆಕ್ಕದಲ್ಲಿ ಸ-ಗ-ಪ, ಧ-ಸ-ಗ, ಗ-ಪ-ನಿ, ನಿ-ರಿ-ಮ.

ಈಗ ನಿಧಾನವಾಗಿ ಕೇಳಿ. ಪ್ರತಿ ಬಾರ್ ಶುರುವಾಗುವುದು ಪಂಚಮದಿಂದ, ಅದು ಇ ಸ್ವರ. ಮೊದಲ ಬಾರ್‌ನಲ್ಲಿ ಅದು ಪಂಚಮವೇ; ಗಟ್ಟಿ, ಭಾವವಿಲ್ಲದ ಕಂಬ. ಎರಡನೆಯ ಬಾರ್‌ನಲ್ಲಿ ಬೇಸ್ ಎಫ್‌ಗೆ ಹೋಗಿದೆ. ಎಫ್ ಅನ್ನೇ ಷಡ್ಜ ಎಂದುಕೊಂಡರೆ ನಮ್ಮ ಇ ಅದಕ್ಕೆ ಕಾಕಲಿ ನಿಷಾದ, ಮೇಲಿನ ಷಡ್ಜಕ್ಕೆ ಕೈಚಾಚಿ ತಲುಪದೆ ನಿಂತ ಸ್ವರ. ಟ್ಯೂನ್ ಒಂದಿಷ್ಟೂ ಬದಲಾಗದೆ ಹಂಬಲ ಹುಟ್ಟಿತು. ಮೂರನೆಯ ಬಾರ್‌ನಲ್ಲಿ ಬೇಸ್ ಸಿ. ಇ ಈಗ ಅಂತರ ಗಾಂಧಾರ, ದೀಪ ಹಚ್ಚಿದ ಹಾಗೆ. ಅದೇ ಬಾರ್‌ನ ಮೂರನೇ ಬೀಟ್‌ಗೆ, ಒಂಬತ್ತನೇ ಮನೆಯಲ್ಲಿ, ಬರುವ ಸ್ವರ ಸಿ, ಬೇಸ್ ಕೂಡ ಸಿ. ಮನೆಗೆ ಬಂದು ಕಾಲು ಚಾಚಿದಂತೆ.

ನಾಲ್ಕನೆಯ ಬಾರ್‌ನಲ್ಲಿ ತಕರಾರು ಬರುತ್ತದೆ. ಅದೇ ಒಂಬತ್ತನೇ ಮನೆಯ ಸಿ ಕೆಳಗೆ ಜಿ ಕಾರ್ಡ್ ಇದೆ, ಅದರೊಳಗೆ ಬಿ ಸ್ವರ ಇದೆ. ಸಿ ಮತ್ತು ಬಿ ಅರ್ಧ ಸ್ವರದ ನೆರೆಹೊರೆ. ಗಟ್ಟಿ ಬೀಟಿನ ಮೇಲೆ ಎರಡೂ ಒಟ್ಟಿಗೆ ಬಂದರೆ ತಿಕ್ಕಾಟ. ನಿಮ್ಮ ಎರಡನೆಯ ತುಣುಕಿನಲ್ಲಿ ಆದದ್ದು ಇದರ ತಮ್ಮನೇ. ಪರಿಹಾರಕ್ಕೆ ಟ್ಯೂನನ್ನೆಲ್ಲ ಬದಲಿಸಬೇಕಿಲ್ಲ. ನಾಲ್ಕನೆಯ ಬಾರ್‌ನಲ್ಲಿ ಮಾತ್ರ ಆ ಗ ತೆಗೆದು ರಿ ಇಡಿ. ಪ ಪ ಮ ರಿ ಮ ಸ. ಈವರೆಗೆ ಶುದ್ಧ ಧನ್ಯಾಸಿಯ ಐದು ಸ್ವರಗಳೊಳಗೇ ಆಡುತ್ತಿದ್ದ ಟ್ಯೂನಿಗೆ ಹೊರಗಿನ ಸ್ವರ ಮೊದಲ ಸಲ ಬಂತು, ಅದೂ ಕೇಳುವವನು ಇನ್ನು ಹೊಸದೇನಿಲ್ಲ ಎಂದುಕೊಂಡ ಹೊತ್ತಿನಲ್ಲಿ. ಕೊನೆಯ ಸ ನೋಡಿ: ಜಿ ಮೇಲೆ ಅದು ರಿಷಭ, ನಿಲ್ಲಲಾರದ ಸ್ವರ, ಎರಡು ಮನೆ ಕಳೆದರೆ ಬೇಸ್ ಎ ಸ್ವರಕ್ಕೆ ಮರಳಿ ಅದಕ್ಕೆ ನೆಲ ಕೊಡುತ್ತದೆ. ಲೂಪ್ ಸುತ್ತಿ ಬರಬೇಕು ಎಂದು ಕಿವಿಗೆ ಅನ್ನಿಸುವುದು ಇದರಿಂದ. ನಾಲ್ಕು ಬಾರ್‌ನಲ್ಲಿ ನಾವು ಬದಲಿಸಿದ್ದು ಒಂದೇ ಒಂದು ಸ್ವರ.

ನಿಮ್ಮ ಮೂರೂ ತುಣುಕುಗಳಲ್ಲಿ ಇದಕ್ಕೆ ತದ್ವಿರುದ್ಧ ನಡೆದಿದೆ. ಬಾರ್‌ಗೊಂದು ಹೊಸ ಸಾಲು, ಎಂಟು ಬಾರ್‌ಗೆ ಎಂಟು ಹೊಸ ಸಾಲು. ಸ್ವರಗಳಿಗೆ ಬರವಿಲ್ಲ. ಕಲ್ಪನಾಸ್ವರ ಹಾಡುವವನ ಅಭ್ಯಾಸ ಇದು, ಒಂದು ಹೇಳಿದ್ದನ್ನು ಇನ್ನೊಮ್ಮೆ ಹೇಳಲು ನಾಚಿಕೆ. ಇಲ್ಲಿ ಆ ನಾಚಿಕೆ ಬಿಡಬೇಕು. ಗದ್ದೆಯಲ್ಲಿ ನೇಜಿ ನೆಡುವಾಗ ಹಾಡುತ್ತಿದ್ದ ತುಳು ಕಬಿತಗಳನ್ನು ನಿಮ್ಮ ಅಜ್ಜಿಯ ಕಾಲದವರಿಂದ ಕೇಳಿದ್ದರೆ ನೆನಪಿಸಿಕೊಳ್ಳಿ. ಮೂರು ನಾಲ್ಕು ಸ್ವರಗಳ ಒಂದು ಸಾಲು, ಅದೇ ಮತ್ತೆ, ಅದೇ ಮತ್ತೆ. ಬೆನ್ನು ಬಗ್ಗಿಸಿದ ಮೈಗೆ ಬೇಕಾದದ್ದು ಅದು. ಕುಣಿಯುವ ಮೈಗೂ ಬೇಕಾದದ್ದು ಬಹುಪಾಲು ಅದೇ.

ಈ ಪಾಠವನ್ನು ನಾನು ಕಲಿತದ್ದು ಅವಮಾನದಿಂದ. ತೊಂಬತ್ತರ ದಶಕದ ಕೊನೆಯಲ್ಲಿ, ಬಜಪೆ ಕಡೆಯ ಒಂದು ಮನೆಯ ರೋಸ್ ಸಂಜೆ, ಅಂದರೆ ಕ್ರೈಸ್ತರ ಮದುವೆಗೆ ಮುಂಚಿನ ಸಂಭ್ರಮ. ತೆಂಗಿನ ಹಾಲು ಹಚ್ಚುವ ಶಾಸ್ತ್ರ ಮುಗಿದು ಕುಣಿತ ಶುರುವಾಗಿತ್ತು. ಆಗಷ್ಟೇ ಹಾರ್ಮನಿ ಪುಸ್ತಕ ಓದಿ ಮುಗಿಸಿದ ಹುಮ್ಮಸ್ಸಿನಲ್ಲಿ ನಾನು ಸ್ವಂತ ಟ್ಯೂನ್ ಒಂದನ್ನು ಕೀಬೋರ್ಡಿನಲ್ಲಿ ಹಚ್ಚಿದೆ. ಎಂಟು ಬಾರ್‌ನಲ್ಲಿ ಏಳು ಕಾರ್ಡ್, ಎರಡು ಕಡೆ ಶ್ರುತಿಯ ಪಲ್ಲಟ ಬೇರೆ. ಮೂರು ನಿಮಿಷದೊಳಗೆ ಅಂಗಳ ಖಾಲಿ. ಜನ ಕುರ್ಚಿಗೆ ಹೋಗಿ ಸನ್ನಾಸ್ ತಿನ್ನತೊಡಗಿದರು. ಪಕ್ಕದಲ್ಲಿದ್ದ ಬ್ಯಾಂಡಿನ ಟ್ರಂಪೆಟ್‌ನವರು, ಅರುವತ್ತು ದಾಟಿದವರು, ನನ್ನತ್ತ ನೋಡಲೂ ಇಲ್ಲ. ಎರಡು ಬಾರ್‌ನ ಒಂದು ಪುಟ್ಟ ಸಾಲನ್ನು ಹಿಡಿದು, ಅದನ್ನೇ ಹತ್ತು ಸಲ ನುಡಿಸಿದರು. ನಾಲ್ಕನೆಯ ಸಲಕ್ಕೆ ಅಂಗಳ ತುಂಬಿತ್ತು. ಆಮೇಲೆ ಲೆಕ್ಕ ಹಾಕಿದೆ: ಅವರು ಬಳಸಿದ್ದು ನಾಲ್ಕೇ ಸ್ವರ. ಆದರೆ ಒಂದೂ ಬೀಟಿನ ನೆತ್ತಿಯ ಮೇಲೆ ಬೀಳುತ್ತಿರಲಿಲ್ಲ, ಎಲ್ಲ ಒಂದು ಕೂದಲು ಮುಂಚೆ.

ಹಾಗಾಗಿ ಸ್ವರದಷ್ಟೇ, ನನ್ನ ಲೆಕ್ಕದಲ್ಲಿ ಸ್ವರಕ್ಕಿಂತ ಮೊದಲು, ಲಯ. ಉಡುಪಿಯ ವಿಟ್ಲಪಿಂಡಿಯಲ್ಲೋ ಮಂಗಳೂರು ದಸರೆಯಲ್ಲೋ ಹುಲಿವೇಷದ ತಾಸೆ ಕೇಳಿ ಬೆಳೆದವರಿಗೆ ಇದನ್ನು ವಿವರಿಸಬೇಕಿಲ್ಲ. ತಾಸೆಗೆ ಸರಿಗಮ ಗೊತ್ತಿಲ್ಲ, ಆದರೂ ರಸ್ತೆಯ ತಿರುವಿನಾಚೆ ಅದು ಕೇಳಿಸಿದರೆ ಸಾಕು, ಬಸ್ಸಿಗೆ ಕಾಯುತ್ತಿರುವ ಬ್ಯಾಂಕ್ ಗುಮಾಸ್ತರ ಹಿಮ್ಮಡಿಯೂ ಅಲುಗುತ್ತದೆ. ಡೋಲು ಕೆಳಗೆ ನೆಲ ಹಿಡಿದಿರುತ್ತದೆ, ತಾಸೆ ಅದರ ಸಂದುಗಳಲ್ಲಿ ಮಾತಾಡುತ್ತದೆ. ನಿಮ್ಮ ಕಿಕ್ ಡ್ರಮ್ ಡೋಲಾದರೆ ಟ್ಯೂನ್ ತಾಸೆಯಾಗಬೇಕು. ನಿಮ್ಮ ಟ್ಯೂನುಗಳು ಮಾಡುತ್ತಿರುವುದು ಡೋಲಿನ ಕೆಲಸವನ್ನೇ ಇನ್ನೊಮ್ಮೆ: ಪ್ರತಿ ಬೀಟಿನ ಮೇಲೂ ಒಂದು ಸ್ವರ, ಶಾಲೆಯ ಡ್ರಿಲ್ ಹಾಗೆ.

ಒಂದು ಅಭ್ಯಾಸ ಕೊಡುತ್ತೇನೆ, ಬೇಸರ ಬರುವಷ್ಟು ಮಾಡಿ. ಟ್ಯೂನಿಗೆ ಒಂದೇ ಸ್ವರ ಇಟ್ಟುಕೊಳ್ಳಿ, ಬರೀ ಸ. ಎರಡು ಬಾರ್. ಅದರಲ್ಲೇ ಕುಣಿಸುವಂತಹದ್ದು ಏನಾದರೂ ಮಾಡಬೇಕು: ಎಲ್ಲಿ ಇಡುತ್ತೀರಿ, ಎಲ್ಲಿ ಬಿಡುತ್ತೀರಿ, ಎಷ್ಟು ಉದ್ದ, ಎಷ್ಟು ಗಿಡ್ಡ. ತಕಿಟ, ತಕಧಿಮಿ, ತಕತಕಿಟ ಇವನ್ನು ಬಾಯಲ್ಲಿ ಹೇಳಿ ಜೋಡಿಸಿ, ಆಮೇಲೆ ಮೌಸ್ ಮುಟ್ಟಿ. ಒಂದೇ ಸ್ವರದಲ್ಲಿ ಕಾಲು ಅಲುಗಿದರೆ ಮಾತ್ರ ಎರಡನೆಯ ಸ್ವರಕ್ಕೆ ಹೋಗಿ. ನನ್ನಲ್ಲಿಗೆ ಬರುವ ಹುಡುಗರಿಗೆ ಇದನ್ನು ಕೊಟ್ಟರೆ ಮೊದಲ ವಾರ ಮುಖ ಊದಿಸಿಕೊಳ್ಳುತ್ತಾರೆ.

ಈವರೆಗೆ ಹೇಳಿದ್ದು ಒಂದು ದಾರಿ: ಟ್ಯೂನ್ ನಿಲ್ಲುತ್ತದೆ, ಬೇಸ್ ನಡೆಯುತ್ತದೆ. ಇನ್ನೊಂದು ದಾರಿ ಇದೆ, ಅದರಲ್ಲಿ ನಿಮ್ಮ ಕೈ ಮೇಲು. ಬೇಸ್ ನಿಲ್ಲುತ್ತದೆ, ರಾಗ ಓಡುತ್ತದೆ. ತಂಬೂರಿಯ ದಾರಿ. 1982ರಲ್ಲಿ ಮುಂಬೈಯ ಚಿತ್ರಸಂಗೀತದ ವಾದಕ ಚರಣ್‌ಜಿತ್ ಸಿಂಗ್ ರೋಲ್ಯಾಂಡ್ ಕಂಪನಿಯ ಟಿಬಿ-303, ಟಿಆರ್-808 ಮತ್ತು ಜುಪಿಟರ್-8 ಎಂಬ ಸಿಂಥಸೈಜರ್, ಡ್ರಮ್ ಯಂತ್ರಗಳನ್ನು ಇಟ್ಟುಕೊಂಡು ಹತ್ತು ರಾಗಗಳನ್ನು ಡಿಸ್ಕೊ ಬೀಟಿಗೆ ಕೂರಿಸಿ ಒಂದು ರೆಕಾರ್ಡ್ ಮಾಡಿದರು. ಆಗ ಅದನ್ನು ಕೇಳಿದವರು ಕಡಿಮೆ. ಅದೇ 303 ಯಂತ್ರದ ದನಿಯಿಂದ ಶಿಕಾಗೋದಲ್ಲಿ ಆಸಿಡ್ ಹೌಸ್ ಎಂಬ ಶೈಲಿ ರೆಕಾರ್ಡಿಗೆ ಬಂದದ್ದು 1987ರಲ್ಲಿ. 2010ರಲ್ಲಿ ಆ ಹಳೆಯ ರೆಕಾರ್ಡ್ ಮತ್ತೆ ಅಚ್ಚಾಗಿ ಬಂದಾಗ, ಇದು ನಿಜವಾಗಿ 1982ರದ್ದೇ ಎಂದು ಅನುಮಾನಪಟ್ಟವರೂ ಇದ್ದರು. ಚರಣ್‌ಜಿತ್ ಸಿಂಗ್ ಮುಂದಿನದನ್ನು ಕಂಡಿದ್ದರು ಎಂದು ಹೇಳುವವರಿದ್ದಾರೆ. ನನಗೆ ಕಾಣುವುದು ಬೇರೆ. 303 ಯಂತ್ರದಲ್ಲಿ ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುವ ಸೌಲಭ್ಯ ಇದೆ. ರಾಗ ಗೊತ್ತಿದ್ದ ಕೈಗೆ ಜಾರು ಸಿಕ್ಕಿದರೆ ಅದು ಸುಮ್ಮನಿರುವುದಿಲ್ಲ.

ನಿಮ್ಮ ಸಿಂತ್‌ನಲ್ಲೂ (ಸಿಂಥಸೈಜರಿನಲ್ಲೂ) ಗ್ಲೈಡ್ ಅಥವಾ ಪೋರ್ಟಮೆಂಟೊ ಎಂಬ ಗುಂಡಿ ಇರುತ್ತದೆ. ಪಿಚ್ ಬೆಂಡ್ ಚಕ್ರವೂ ಇದೆ, ಸಾಮಾನ್ಯವಾಗಿ ಎರಡು ಅರ್ಧಸ್ವರದಷ್ಟು ಮೇಲೆ ಕೆಳಗೆ ಹೋಗುತ್ತದೆ. ಅದರಲ್ಲಿ ತೋಡಿಯ ಗಾಂಧಾರ ಹಿಡಿಯಲು ಹೋಗಬೇಡಿ. ಅದು ಯಾವ ಕೀಯಲ್ಲೂ ಇಲ್ಲ, ಕೀಗಳ ನಡುವೆ ತೂಗಾಡುತ್ತಿರುತ್ತದೆ, ನಿಮಿಷಕ್ಕೆ 128 ಬೀಟಿನಲ್ಲಿ ತೂಗಲು ಜಾಗವೂ ಸಾಲದು. ಆದರೆ ಸಾಲಿನ ಕೊನೆಯ ಸ್ವರಕ್ಕೆ ಮೇಲಿನಿಂದ ಜಾರಿ ಇಳಿಯುವುದು, ಗ ಮುಟ್ಟುವ ಮೊದಲು ಮ ಸೋಕುವುದು, ಇಷ್ಟು ಸಾಕು. ನಮ್ಮ ಪಕ್ಕದ ಸಜಿಪದವರಾದ ಕದ್ರಿ ಗೋಪಾಲನಾಥರು ಬ್ಯಾಂಡಿನ ಸ್ಯಾಕ್ಸೊಫೋನಿಗೆ ಗಮಕ ಕಲಿಸಿದರು. ಈಗ ಜಿಲ್ಲೆಯ ಮದುವೆ, ಜಾತ್ರೆಗಳಲ್ಲಿ ಆ ದನಿ ನಾಗಸ್ವರದಷ್ಟೇ ಸಹಜ. ಸಿಂತ್‌ನ ಗುಂಡಿ ಅದಕ್ಕಿಂತ ಮೊಂಡು ಏನಲ್ಲ.

ನಿಂತ ಬೇಸ್‌ನ ದಾರಿಗೆ ಸೈ-ಟ್ರಾನ್ಸ್ ಕೇಳಿ. ಗೋವಾದ ಬೀಚುಗಳಲ್ಲಿ ಬೆಳೆದ ಸಂಗೀತದ ಕವಲು ಅದು, ಅಂದರೆ ಕೊಂಕಣ ರೈಲಿನಲ್ಲಿ ಕೆಲವೇ ಗಂಟೆಗಳ ನೆರೆಯದು. ಬೇಸ್ ನಿಮಿಷಗಟ್ಟಲೆ ಒಂದೇ ಸ್ವರದಲ್ಲಿ ಕುದುರೆಯ ಹಾಗೆ ಓಡುತ್ತದೆ, ಮೇಲೆ ಶುದ್ಧ ರಿಷಭ, ಅಂತರ ಗಾಂಧಾರಗಳ ಸುಳಿ. ಆ ಸುಳಿ ನಿಮಗೆ ಗೊತ್ತಿದೆ. ಸರಳೆ ವರಸೆ ಕಲಿತದ್ದು ಮಾಯಾಮಾಳವಗೌಳದಲ್ಲಿ ಅಲ್ಲವೇ? ಅದರ ನಿಷಾದವನ್ನು ಅರ್ಧ ಸ್ವರ ಇಳಿಸಿದರೆ ವಕುಳಾಭರಣ, ಹದಿನಾಲ್ಕನೆಯ ಮೇಳ. ಸೈ-ಟ್ರಾನ್ಸ್‌ನವರಿಗೆ ಬಲು ಪ್ರಿಯವಾದ ಸ್ಕೇಲ್‌ಗಳಲ್ಲಿ ಅದೊಂದು. ಮೊದಲ ವಾರದ ಪಾಠವನ್ನೇ ಇಟ್ಟುಕೊಂಡು ನಿಂತ ಬೇಸ್‌ನ ಮೇಲೆ ಒಂದು ಟ್ರ್ಯಾಕ್ ಮಾಡಬಹುದು. ಎರಡು ದಾರಿಗಳನ್ನು ಒಂದೇ ಎಂಟು ಬಾರ್‌ನಲ್ಲಿ ಬೆರೆಸಬೇಡಿ, ಅಷ್ಟೇ. ರಾಗವೂ ಓಡಿ ಬೇಸೂ ಓಡಿದರೆ ಕೇಳುವವನು ಯಾರ ಕೈ ಹಿಡಿಯಬೇಕು? ನಿಮ್ಮ ಮೊದಲ ತುಣುಕಿನ ಕಾಯಿಲೆ ಇದೇ.

ಡ್ರಾಪ್‌ಗೆ, ಅಂದರೆ ಬೀಟ್ ಮತ್ತು ಬೇಸ್ ಪೂರ್ಣ ಬಲದಲ್ಲಿ ಬಂದಿಳಿಯುವ ಗಳಿಗೆಗೆ, ಮುಂಚಿನ ಏರಿಕೆಯ ಬಗ್ಗೆಯೂ ಒಂದು ಮಾತು. ನೀವು ಅದನ್ನೆಲ್ಲ ಸದ್ದಿನಿಂದ ಮಾಡಲು ಹೊರಟಿದ್ದೀರಿ. ಸ್ನೇರ್ ಜೋರಾಗುತ್ತದೆ, ಗಾಳಿಯ ಶಬ್ದ ಏರುತ್ತದೆ. ಸ್ವರದಿಂದಲೂ ಮಾಡಬಹುದು. ಯಕ್ಷಗಾನದಲ್ಲಿ ಬಣ್ಣದ ವೇಷ ರಂಗಕ್ಕೆ ಬರುವ ರೀತಿ ನೋಡಿದ್ದೀರಲ್ಲ. ತೆರೆ ಹಿಡಿದಿರುತ್ತಾರೆ, ಚೆಂಡೆ ಕುದಿಯುತ್ತಿರುತ್ತದೆ, ತೆರೆಯ ಮೇಲೆ ಕಿರೀಟದ ತುದಿ ಕಾಣುತ್ತದೆ, ಅಬ್ಬರ ಕೇಳುತ್ತದೆ, ಪೂರ್ತಿ ವೇಷ ಮಾತ್ರ ಕಾಣಿಸುವುದಿಲ್ಲ. ಏರಿಕೆಯ ಎಂಟು ಬಾರ್‌ನಲ್ಲಿ ನಿಮ್ಮ ಷಡ್ಜ ಹಾಗೆ ತೆರೆಯ ಹಿಂದೆ ಇರಲಿ. ಬೇಸ್ ತೆಗೆಯಿರಿ. ಟ್ಯೂನ್ ಸ ಮುಟ್ಟದ ಹಾಗೆ ನೋಡಿಕೊಳ್ಳಿ. ಕೊನೆಯ ಎರಡು ಬಾರ್‌ನಲ್ಲಿ ಇ ಮೇಜರ್ ಕಾರ್ಡ್ ಹಿಡಿಯಿರಿ: ಪ, ಕಾಕಲಿ ನಿ, ರಿ. ನಟಭೈರವಿಯ ಮೆತ್ತನೆಯ ನಿಷಾದ ಇದ್ದಕ್ಕಿದ್ದಂತೆ ಚೂಪಾಗುತ್ತದೆ, ಕೀರವಾಣಿಯ ನೆರಳು ಬೀಳುತ್ತದೆ, ಷಡ್ಜ ಬಾರದೆ ಇರಲು ಸಾಧ್ಯವೇ ಇಲ್ಲ ಎನ್ನುವಂತಾಗುತ್ತದೆ. ಆಗ ಅರ್ಧ ಬೀಟ್ ಪೂರ್ಣ ನಿಶ್ಶಬ್ದ ಕೊಟ್ಟು ತೆರೆ ಸರಿಸಿ.

ಇನ್ನು ಏನನ್ನು ಕಲಿಯಬೇಕು. ಮೇಜರ್, ಮೈನರ್ ಕಾರ್ಡ್‌ಗಳನ್ನು ಹನ್ನೆರಡು ಕೀಗಳಿಂದಲೂ ಕಟ್ಟಲು ಬರಬೇಕು. ಅವುಗಳ ಸ್ವರಗಳನ್ನು ಮೇಲೆ ಕೆಳಗೆ ಮಾಡಿ ಕೈ ಹೆಚ್ಚು ಹಾರದಂತೆ ಒಂದರಿಂದ ಒಂದಕ್ಕೆ ಹೋಗಲು ಬರಬೇಕು. ಒಂದು ಸ್ಕೇಲ್‌ನ ಏಳು ಸ್ವರಗಳ ಮೇಲೆ ಯಾವ ಏಳು ಕಾರ್ಡ್ ಹುಟ್ಟುತ್ತವೆ ಎಂದು ತಿಳಿದಿರಬೇಕು. ದಿನಕ್ಕೆ ಅರ್ಧ ಗಂಟೆ ಕೊಟ್ಟರೆ ನಿಮ್ಮಂಥ ಕಿವಿಗೆ ಮೂರು ತಿಂಗಳು ಧಾರಾಳ. ಮೋಡ್‌ಗಳ, ಅಂದರೆ ಅದೇ ಏಳು ಸ್ವರಗಳನ್ನು ಬೇರೆ ಬೇರೆ ಷಡ್ಜದಿಂದ ಶುರುಮಾಡಿದ ಸ್ಕೇಲ್‌ಗಳ, ಗ್ರೀಕ್ ಹೆಸರುಗಳನ್ನು ಬಾಯಿಪಾಠ ಮಾಡುವುದನ್ನು ಮುಂದೂಡಿ. ಹನುಮತೋಡಿ, ಖರಹರಪ್ರಿಯ, ಹರಿಕಾಂಭೋಜಿ ಎಂದು ಅವು ನಿಮ್ಮ ಪರಿಚಯದವೇ. ಎರಡು ದನಿಗಳು ಪಂಚಮದ ಅಂತರದಲ್ಲಿ ಜೊತೆಜೊತೆಗೆ ಚಲಿಸಬಾರದು ಎಂಬ ಹಳೆಯ ನಿಯಮ ಪುಸ್ತಕದಲ್ಲಿ ಸಿಕ್ಕರೆ ಪುಟ ಮಗುಚಿ. ಒಂದೇ ಮೈನರ್ ಕಾರ್ಡನ್ನು ಹಾಗೆಯೇ ಎತ್ತಿ ಮೇಲೆ ಕೆಳಗೆ ಸರಿಸುವುದರಿಂದಲೇ ಹೌಸ್ ಸಂಗೀತದ ಅರ್ಧ ರುಚಿ ಬಂದಿದೆ. ದುಡ್ಡು ಕೊಟ್ಟು ಕಾರ್ಡ್ ಪ್ಯಾಕ್ ಇಳಿಸಿಕೊಳ್ಳುವುದರಲ್ಲಿ ಪಾಪವೇನಿಲ್ಲ, ಆದರೆ ಅದರೊಳಗಿನ ಬೇಸನ್ನು ಹಾಡಿ ತೋರಿಸಲಾಗದಿದ್ದರೆ ಆ ಟ್ಯೂನ್ ನಿಮ್ಮದಲ್ಲ.

ಒಂದು ಸಣ್ಣ ಎಚ್ಚರಿಕೆ, ಇಲ್ಲದಿದ್ದರೆ ಒಂದು ಸಂಜೆ ಹಾಳಾಗುತ್ತದೆ. ಪುಸ್ತಕಗಳಲ್ಲಿ ನಡುವಿನ ಸಿ ಸ್ವರಕ್ಕೆ ಸಿ4 ಎಂದು ಬರೆದಿರುತ್ತಾರೆ. ನಿಮ್ಮ ಎಫ್‌ಎಲ್ ಸ್ಟುಡಿಯೋ ಅದನ್ನೇ ಸಿ5 ಎನ್ನುತ್ತದೆ, ಅಂಥದೇ ಇನ್ನೊಂದು ತಂತ್ರಾಂಶ ಏಬಲ್ಟನ್ ಲೈವ್ ಸಿ3 ಎನ್ನುತ್ತದೆ. ಮೂರೂ ಒಂದೇ, ಕಂಪ್ಯೂಟರ್ ಸ್ವರಗಳನ್ನು ಗುರುತಿಸುವ ಮಿಡಿ ಸಂಖ್ಯೆ 60.

ಕಿವಿಗೆ ಪಾಠ ಬೇಕಲ್ಲ, ಅದಕ್ಕೆ ಎರಡು ದಾರಿ ಹೇಳುತ್ತೇನೆ. ನಿಮಗೆ ಇಷ್ಟವಾದ ಹತ್ತು ಟ್ರ್ಯಾಕ್ ಆರಿಸಿ, ಒಂದೊಂದರ ಟ್ಯೂನ್ ಮತ್ತು ಬೇಸ್ ಎರಡನ್ನು ಮಾತ್ರ ಕೇಳಿ ಬರೆಯಿರಿ, ಸರಿಗಮದಲ್ಲೇ ಬರೆಯಿರಿ: ಮೇಲಿನ ಸಾಲಿನಲ್ಲಿ ಟ್ಯೂನ್, ಕೆಳಗಿನ ಸಾಲಿನಲ್ಲಿ ಬೇಸ್. ಮೊದಲನೆಯದಕ್ಕೆ ವಾರ ಹಿಡಿಯುತ್ತದೆ, ಹತ್ತನೆಯದಕ್ಕೆ ಒಂದು ಮಧ್ಯಾಹ್ನ. ಇನ್ನೊಂದು, ಡಿಸೆಂಬರ್ ಬಂದಾಗ ಕ್ರಿಸ್‌ಮಸ್ ಕ್ಯಾರಲ್ ಕೇಳಲು ಹೋಗಿ. ಚೆನ್ನಾಗಿ ಹಾಡುವ ಚರ್ಚ್ ಕಾಯಿರ್ ಈ ಊರಿನಲ್ಲಿ ಹುಡುಕಬೇಕಾಗಿಲ್ಲ. ಬೇಸ್ ದನಿಯ ಗಂಡಸರು ಸಾಮಾನ್ಯವಾಗಿ ಹಿಂದಿನ ಸಾಲಿನಲ್ಲಿರುತ್ತಾರೆ, ಅವರಿಗೆ ಹತ್ತಿರ ನಿಂತು, ಎಲ್ಲರೂ ಕೇಳುವ ಮೇಲಿನ ಟ್ಯೂನನ್ನು ಬಿಟ್ಟು ಆ ಒಂದು ದನಿಯನ್ನು ಮಾತ್ರ ಕೊನೆಯವರೆಗೆ ಹಿಡಿದಿಟ್ಟುಕೊಳ್ಳಿ. ಎರಡನೆಯ ಹಾಡಿನಲ್ಲಿ ಜಾರಿಹೋಗುತ್ತದೆ, ಐದನೆಯದರಲ್ಲಿ ಸಿಕ್ಕುತ್ತದೆ. ನಾನು ಹಾರ್ಮನಿ ಕಲಿತದ್ದು ಹಾಗೆ. ಪುಸ್ತಕ ಓದಿದ್ದು ಆಮೇಲೆ.

ನಿಮ್ಮ ಮೂರನೆಯ ತುಣುಕಿನ ಒಂಬತ್ತನೇ ಬಾರ್‌ನಲ್ಲಿ ನಿ ಸ ಗ ಸ ಎಂದು ಒಂದು ಸಾಲು ಬರುತ್ತದೆ, ಕೊನೆಯ ಸ ಬೀಟಿಗಿಂತ ತುಸು ಮುಂಚೆ ಬೀಳುತ್ತದೆ. ಅದನ್ನು ಒಂದೇ ಸಲ ನುಡಿಸಿ ಎಸೆದಿದ್ದೀರಿ. ಉಳಿದದ್ದನ್ನೆಲ್ಲ ಅಳಿಸಿ ಅದೊಂದನ್ನು ಇಟ್ಟುಕೊಳ್ಳಿ, ಎಂಟು ಬಾರ್ ತುಂಬಿಸಿ, ಕೆಳಗಿನ ಬೇಸನ್ನು ನಾಲ್ಕು ಬೇರೆ ಬೇರೆ ರೀತಿಯಲ್ಲಿ ನಡೆಸಿ ನೋಡಿ. ನಾಲ್ಕನ್ನೂ ಕಳುಹಿಸಿ. ಬೇಸ್‌ನ ಸ್ವರಗಳನ್ನು ಪತ್ರದಲ್ಲಿ ಬೇರೆಯಾಗಿ ಬರೆದಿಡಿ. ಕೇಳುವ ಮೊದಲು ನಾನೊಮ್ಮೆ ಹಾಡಿಕೊಂಡು ನೋಡುತ್ತೇನೆ.